ಪಟ್ಟಿಯ ಹಿಂದಿನ ಗೋಡೆ

ಸೊಲ್ಲಾಪುರದಲ್ಲಿ ನಾವು ಮನೆ ಕೊಂಡದ್ದು 2014ರಲ್ಲಿ. ನೋಡಲು ಹೋದ ದಿನ ನನ್ನ ಹೆಂಡತಿಗೆ ಮೊದಲು ಹಿಡಿಸಿದ್ದು ಅಡುಗೆಮನೆಯಲ್ಲ, ನೀರಿನ ಟಾಕಿಯಲ್ಲ. ಪಡಸಾಲೆಯ ಗೋಡೆಯ ಅಲಂಕಾರ. ಗೋಡೆಯೂ ಮೇಲಿನ ಸ್ಲ್ಯಾಬೂ ಕೂಡುವಲ್ಲಿ ಸುತ್ತಲೂ ಬಿಳಿಯ ಪಿಒಪಿ ಪಟ್ಟಿ. ಬೀದಿ ಕಡೆಯ ಕಿಟಕಿಯ ಮೇಲಂತೂ ಪಟ್ಟಿಯವರೆಗೂ ಏರಿದ ಬಳ್ಳಿ, ನಡುವೆ ಕಮಲದಂಥ ಹೂವು. ಆ ಹೂಬಳ್ಳಿ ಒಂದೇ ಕಿಟಕಿಯ ಮೇಲೆ ಏಕಿದೆ, ಉಳಿದ ಎರಡು ಕಿಟಕಿಗಳ ಮೇಲೆ ಏಕಿಲ್ಲ ಎಂದು ಕೇಳುವ ಬುದ್ಧಿ ನನಗೆ ಹುಟ್ಟಲಿಲ್ಲ. ಬ್ಯಾಂಕಿನಲ್ಲಿ ಕುಳಿತು ದಿನವೂ ಇನ್ನೊಬ್ಬರ ಮನೆಸಾಲದ ಕಾಗದಗಳನ್ನು ತಿರುವಿ ಹಾಕುವವನು ನಾನು. ಆದರೂ ಹುಟ್ಟಲಿಲ್ಲ.

2023ರ ಮಾರ್ಚಿನಲ್ಲಿ ಮಗಳಿಗೆ ವರ ನೋಡುವ ಮಾತು ಎದ್ದಿತು. ಬರುವವರ ಕಣ್ಣಿಗೆ ಮನೆ ಒಪ್ಪವಾಗಿ ಕಾಣಬೇಕಲ್ಲ. ಹಳದಿಗಟ್ಟಿದ ಪಿಒಪಿ ತೆಗೆಸಿ ಈಗಿನ ರೀತಿಯ ಮರದ ಮೌಲ್ಡಿಂಗ್ ಹಾಕಿಸೋಣವೆಂದು ಮನೆಯಲ್ಲಿ ನಿಶ್ಚಯವಾಯಿತು. ಗೌಂಡಿ ಏಣಿ ಹತ್ತಿ ಉಳಿಯಿಂದ ಎರಡು ಪೆಟ್ಟು ಹಾಕಿದ. ಕಮಲ ಇಡಿಯಾಗಿ ಕೆಳಗೆ ಬಂತು. ಹಿಂದೆ, ಕಿಟಕಿಯ ಮೂಲೆಯಿಂದ ತೊಲೆಯವರೆಗೆ, ಇಟ್ಟಿಗೆಯ ಸಂದುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ಹೋದ ಬಿರುಕು. ನನ್ನ ಕಿರುಬೆರಳ ಉಗುರು ಒಳಗೆ ಹೋಗುವಷ್ಟು ಅಗಲ.

"ಸಾಹೇಬ್ರ, ಹೂವಿನ ಬಳ್ಳಿ ಯಾಕ್ ಹಚ್ಚಿದ್ರು ಅಂತ ಈಗ ತಿಳೀತ್ರಿ?" ಎಂದ ಗೌಂಡಿ. ಅವನಿಗೆ ನಗು, ನನಗೆ ಮೈಯೆಲ್ಲ ಉರಿ. ಒಂಬತ್ತು ವರ್ಷ ಆ ಕಮಲದ ಕೆಳಗೆ ಕುಳಿತು ಚಹ ಕುಡಿದಿದ್ದೆ. ಮಾರಿದವರ ಫೋನ್ ನಂಬರ್ ಹುಡುಕಿದೆ, ಸಿಕ್ಕಿತು, ಆದರೆ ಮಾಡಲಿಲ್ಲ. ಏನೆಂದು ಕೇಳುವುದು? ನೀವು ಗೋಡೆಯನ್ನು ಚಂದ ಮಾಡಿದಿರಿ ಎಂದು ದೂರುವುದೇ?

ಈ ಪ್ರಶ್ನೆಯೇ ನನ್ನನ್ನು ಈ ಬರಹಕ್ಕೆ ಕೂರಿಸಿದ್ದು. ಸಿಂಗರಿಸುವುದಕ್ಕೂ ಮರೆಮಾಚುವುದಕ್ಕೂ ನಡುವಿನ ಗೆರೆ ಎಲ್ಲಿದೆ?

ಗೋಡೆಯ ಪಟ್ಟಿ ಎಂಬುದು ಮೂಲತಃ ಸುಳ್ಳಿನ ವಸ್ತುವಲ್ಲ. ಗೋಡೆ ಇಟ್ಟಿಗೆಯದು, ಸ್ಲ್ಯಾಬು ಕಾಂಕ್ರೀಟಿನದು. ಬಿಸಿಲಿಗೆ, ತಂಪಿಗೆ ಇವೆರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದ್ದರಿಂದ ಎಂಥ ಗಟ್ಟಿ ಮನೆಯಲ್ಲೂ ಅವು ಕೂಡುವಲ್ಲಿ ಕೂದಲೆಳೆಯಂಥ ಸೀಳು ಬಂದೇ ಬರುತ್ತದೆ. ಪಟ್ಟಿ ಆ ಸಂದಿಗೆ ಹೊದಿಕೆ. ನಿಂತ ಮನುಷ್ಯನ ಸೊಂಟದ ಎತ್ತರದಲ್ಲಿ ಗೋಡೆಗೆ ಅಡ್ಡಲಾಗಿ ಹೊಡೆಯುವ ಮರದ ಪಟ್ಟಿ ಕುರ್ಚಿಯ ಬೆನ್ನು ಗೋಡೆಗೆ ತಾಗಿ ಗಿಲಾವೆ ಉದುರದಿರಲೆಂದು ಹುಟ್ಟಿದ್ದು. ನಮ್ಮ ದೇವಾಲಯಗಳ ಗೋಡೆಯ ಬುಡದಲ್ಲೂ ಸೂರಿನಲ್ಲೂ ಪಟ್ಟಿಕೆ, ಕಪೋತ ಎಂದು ಸಾಲುಸಾಲು ಅಂಚುಗಳಿರುತ್ತವೆ. ಕಪೋತವೆಂದರೆ ಪಾರಿವಾಳ, ಹೆಸರು ಎಷ್ಟು ಚಂದವೋ ಕೆಲಸವೂ ಅಷ್ಟೇ ಮುಖ್ಯ, ಮಳೆಯ ನೀರು ಗೋಡೆಗೆ ಇಳಿಯದಂತೆ ಹೊರಕ್ಕೆ ಚೆಲ್ಲುವುದು. ಉಪಯೋಗ ಮೊದಲು ಬಂತು, ಚೆಲುವು ಅದರ ಮೈಮೇಲೆ ಬೆಳೆಯಿತು.

ಅಷ್ಟು ದೂರ ಏಕೆ, ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅವ್ವ ಹಬ್ಬಕ್ಕೊಮ್ಮೆ ಕಾರಣೆ ಬರೆಯುತ್ತಿದ್ದಳು. ಗೋಡೆಗೆಲ್ಲ ಸುಣ್ಣ, ಬುಡದಲ್ಲಿ ಒಂದು ಗೇಣು ಹುರಮಂಜಿನ ಕೆಂಪು, ಎರಡೂ ಸೇರುವಲ್ಲಿ ಬೆರಳಿನಿಂದ ಎಳೆದ ಗೆರೆ. ಅಳತೆಪಟ್ಟಿ ಇಲ್ಲ, ದಾರ ಇಲ್ಲ, ಗೆರೆ ಅಲುಗುತ್ತಿರಲಿಲ್ಲ. ಅದು ಏಕೆಂದು ಬಾಲ್ಯದಲ್ಲಿ ಕೇಳಿದ್ದೆ. "ನೆಲಾ ಸಾರಸುವಾಗ ಸಗಣಿ ನೀರು ಸಿಡೀತದ. ಬಿಳೀ ಗ್ವಾಡಿ ಮ್ಯಾಲ ಕಲಿ ಕಾಣತದ, ಕೆಂಪಿನ ಮ್ಯಾಲ ಕಾಣೂದಿಲ್ಲ" ಎಂದಿದ್ದಳು. ಹಾಗಾದರೆ ಕಾರಣೆಯೂ ಮರೆಮಾಚುವುದೇ ಅಲ್ಲವೇ? ಆದರೆ ಅದರಿಂದ ಯಾರೂ ಮೋಸ ಹೋಗಲಿಲ್ಲ. ಕೆಂಪು ಏಕಿದೆಯೆಂದು ಊರಿಗೆಲ್ಲ ಗೊತ್ತು.

ಬಿ.ಎ. ಓದುವಾಗ ಇಂಗ್ಲಿಷ್ ಗದ್ಯದ ಪಾಠದಲ್ಲಿ ಜಾನ್ ರಸ್ಕಿನ್ನನ ಹೆಸರು ಕೇಳಿದ್ದೆ. ಆಮೇಲೆ ಅವನ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಸಿಕ್ಕಿತು, 1849ರ ಪುಸ್ತಕ. ಕಟ್ಟಡವೂ ಸುಳ್ಳು ಹೇಳಬಲ್ಲದು ಎಂಬುದು ಅವನ ವಾದ. ಇಲ್ಲದ ಆಧಾರವನ್ನು ಇದ್ದಂತೆ ತೋರಿಸುವುದು, ಒಂದು ವಸ್ತುವಿಗೆ ಬಣ್ಣ ಬಳಿದು ಇನ್ನೊಂದರಂತೆ ಕಾಣಿಸುವುದು, ಕೈಯಿಂದ ಕೆತ್ತಿದ್ದೆಂದು ನಂಬಿಸಿ ಅಚ್ಚಿನ ಅಲಂಕಾರ ಅಂಟಿಸುವುದು, ಇವು ಅವನಿಗೆ ಒಪ್ಪಿಗೆಯಿಲ್ಲ. ಅಚ್ಚಿನಲ್ಲಿ ಹೊಯ್ದ ನಮ್ಮ ಪಿಒಪಿ ಹೂವುಗಳನ್ನು ಕಂಡಿದ್ದರೆ ಅವನು ಕೋಲು ಹಿಡಿಯುತ್ತಿದ್ದನೋ ಏನೋ. ಆದರೂ ಅವನು ಬಂಗಾರದ ಲೇಪದ ವಿಷಯದಲ್ಲಿ ಒಂದು ಸೂಕ್ಷ್ಮ ಮಾಡುತ್ತಾನೆ. ಕಟ್ಟಡಕ್ಕೆ ಬಂಗಾರ ಲೇಪಿಸಿದರೆ ಅದು ಗಟ್ಟಿ ಬಂಗಾರವೆಂದು ಯಾರೂ ತಿಳಿಯುವುದಿಲ್ಲ, ಆದ್ದರಿಂದ ಅದು ಮೋಸವಲ್ಲ; ಒಡವೆಗೆ ಲೇಪಿಸಿದರೆ ಜನ ನಂಬುತ್ತಾರೆ, ಆದ್ದರಿಂದ ಅದು ಮೋಸ. ನಮ್ಮ ಬ್ಯಾಂಕಿನ ಬಂಗಾರ ಸಾಲದ ಟೇಬಲ್ಲಿನ ಪಕ್ಕ ಕೂತವನಿಗೆ ಇದು ಬೇಗ ಅರ್ಥವಾಗುತ್ತದೆ. ಗುಡಿಯ ಕಳಸವನ್ನು ಒರೆಗಲ್ಲಿಗೆ ತಿಕ್ಕಲು ಯಾರೂ ಹೋಗುವುದಿಲ್ಲ, ಬಳೆಯನ್ನು ತಿಕ್ಕದೆ ಪತ್ತಾರ ಬಿಡುವುದಿಲ್ಲ.

ಅಂದರೆ ಸುಳ್ಳು ಲೇಪದಲ್ಲಿ ಇಲ್ಲ, ನೋಡುವವನ ನಂಬಿಕೆಯನ್ನು ನಾವು ಏನು ಮಾಡುತ್ತೇವೆ ಎಂಬಲ್ಲಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಮನೆ ಮಾರಿದವರನ್ನು ಬೈದುಕೊಂಡು ಸುಖವಾಗಿ ಇರುತ್ತಿದ್ದೆ. ಆದರೆ ಅದೇ ವರ್ಷ ದಸರೆಯ ಹೊತ್ತಿಗೆ ನಾನೂ ಮಾರುವವನಾದೆ.

ನಮ್ಮ ಹಳ್ಳಿಯ ಮನೆ ಕಲ್ಲು ಮಣ್ಣಿನ ದಪ್ಪ ಗೋಡೆಯದು, ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಹಿಂದಿನ ರಾತ್ರಿ ಗಣಪತಿ ಕಳಿಸಿ ಊರೆಲ್ಲ ದಣಿದು ಮಲಗಿತ್ತು. ಆ ಕಡೆ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಇಂಥವೇ ಗೋಡೆಗಳು, ಇಂಥವೇ ಮಾಳಿಗೆಗಳು. ನಮ್ಮೂರಲ್ಲಿ ಯಾರಿಗೂ ಏನೂ ಆಗಲಿಲ್ಲ. ನಮ್ಮ ಪಡಸಾಲೆಯ ಹಿಂದಿನ ಗೋಡೆ ಮಾತ್ರ ಮೇಲಿಂದ ಕೆಳಗೆ ಸೀಳಿತು. ಅಪ್ಪ ಅದಕ್ಕೆ ಸಿಮೆಂಟು ತುಂಬಿದರು. ಮಣ್ಣಿನ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲ, ಪ್ರತಿ ಬೇಸಿಗೆಗೆ ಅದು ತನ್ನ ಹಾದಿಯಲ್ಲಿ ಮತ್ತೆ ಬಿಡುತ್ತಿತ್ತು. ಕಡೆಗೆ ಅದರ ಮುಂದೆ ಕಾಳಿನ ಕಣಜವಿಟ್ಟರು. ಮೂವತ್ತು ವರ್ಷ ಹಾಗೇ ಹೋಯಿತು. ಅಪ್ಪ ಹೋದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು, ಅಣ್ಣ ಹೊಲದಲ್ಲಿ ಮನೆ ಕಟ್ಟಿಕೊಂಡ, ಊರ ಮನೆ ಖಾಲಿ ಬಿತ್ತು.

ಕೊಳ್ಳಲು ಬಂದವನು ನಮ್ಮ ಓಣಿಯವನೇ, ಪುಣೆಯಲ್ಲಿ ದುಡಿದು ಮರಳಿದವನು. ಅಣ್ಣ ಅದಕ್ಕೆ ಮೊದಲೇ ಕಣಜ ತೆಗೆಸಿ, ಬಿರುಕಿಗೆ ಮಣ್ಣು ಮೆತ್ತಿಸಿ, ಅದರ ಮೇಲೆ ಮರದ ಪಟ್ಟಿಗಳ ಚೌಕಟ್ಟು ಹೊಡೆಸಿ, ಬಣ್ಣ ಬಳಿಸಿ ಇಟ್ಟಿದ್ದ. ಚೌಕಟ್ಟಿನೊಳಗೆ ಅಕ್ಕಲಕೋಟದ ಸ್ವಾಮಿ ಸಮರ್ಥರ ಪಟ. ನಾನು ಹೋಗಿ ನೋಡಿದೆ. ನನ್ನ ಕಮಲವೇ ನನ್ನ ಮುಂದೆ ನಿಂತಿತ್ತು, ದೇವರ ಕಾವಲಿನೊಂದಿಗೆ.

"ಅಣ್ಣಾ, ಇದನ್ನ ಅವಗ ಹೇಳೂದು ಬ್ಯಾಡೇನು?" ಎಂದೆ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ತಮ್ಮಾ, ನಿನಗ ತಿಂಗಳಾ ಪಗಾರ ಬರತದ. ಖರೇ ಹೇಳೂದು ನಿನಗ ಸಸ್ತಾ. ಬೋರಿನ ಸಾಲ ನನ್ನ ಹೆಸರಿನ್ಯಾಗ ಅದ."

ಈ ಮಾತಿಗೆ ಇವತ್ತಿನವರೆಗೂ ನನ್ನಲ್ಲಿ ಉತ್ತರವಿಲ್ಲ. ನಾವು ಓದಿದ ನೀತಿಕಥೆಗಳಲ್ಲಿ ಸತ್ಯ ಹೇಳಿದವನೇ ಅದರ ಬೆಲೆಯನ್ನೂ ತೆರುತ್ತಾನೆ. ಹರಿಶ್ಚಂದ್ರ ಎಂದರೂ, ಹೆಂಡತಿ ಮಕ್ಕಳು ಮಾರಾಟವಾದದ್ದನ್ನು ನಾವು ಅವನ ಕಷ್ಟದ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ. ಅವರನ್ನು ಯಾರೂ ಕೇಳಲಿಲ್ಲ. ನನ್ನ ಬಾಯಿಂದ ಬರುವ ಸತ್ಯಕ್ಕೆ ಅಣ್ಣನ ಜೇಬಿನಿಂದ ಹಣ ಹೋಗುವುದಾದರೆ ಅದು ಯಾರ ಸತ್ಯ? ಸುಮ್ಮನಿದ್ದರೆ, ಮಳೆಗಾಲದ ಒಂದು ರಾತ್ರಿ ಆ ಗೋಡೆಯ ಕೆಳಗೆ ಮಲಗುವ ಮಕ್ಕಳು ಯಾರವು? ಇನ್ನೂ ಒಂದು ಅನುಮಾನ ನನಗಿತ್ತು, ಅದನ್ನೂ ಮುಚ್ಚಿಡಬಾರದು. ನಾನು ಹೇಳಹೊರಟದ್ದು ಕೊಳ್ಳುವವನ ಮೇಲಿನ ಕಾಳಜಿಯಿಂದಲೋ, ಕಮಲದ ಕೆಳಗೆ ಒಂಬತ್ತು ವರ್ಷ ಕುಳಿತ ಅವಮಾನವನ್ನು ತೊಳೆದುಕೊಳ್ಳಲೋ?

ಅಣ್ಣನನ್ನು ಮತ್ತೆ ಕೇಳದೆ ಹೇಳಿಬಿಟ್ಟೆ. ಸಂಜೆ ಕಟ್ಟೆಯ ಮೇಲೆ ಕುಳಿತು, ಪಟದ ಹಿಂದೆ ಗೋಡೆ ಸೀಳಿದೆ ಎಂದೆ.

ಅವನು ನಕ್ಕ. "ಕಾಕಾ, ನನಗ ಗೊತ್ತಿಲ್ಲೇನು? ಭೂಕಂಪ ಆದ ದಿನ ನಿಮ್ಮ ಗ್ವಾಡಿ ನೋಡಲಾಕ ನನ್ನ ಅಪ್ಪ ನನ್ನ ಹೆಗಲ ಮ್ಯಾಲ ಹೊತ್ಕೊಂಡು ಬಂದಿದ್ದ. ನಾ ಜಾಗಾ ತಗೊಳ್ಳಾಕತ್ತೀನಿ, ಗ್ವಾಡಿ ಅಲ್ಲ. ಎಲ್ಲಾ ಕೆಡವತೀನಿ."

ಎದೆಯ ಭಾರ ಇಳಿಯಿತು. ಇಷ್ಟರಲ್ಲೇ ಮುಗಿದಿದ್ದರೆ ಇದು ಮಕ್ಕಳ ಪಾಠಪುಸ್ತಕಕ್ಕೆ ಯೋಗ್ಯವಾದ ಕಥೆ. ಆದರೆ ಮರುದಿನ ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಐವತ್ತು ಸಾವಿರ ಕಡಿಮೆ ಕೇಳಿದ. ಗೋಡೆ ಸೀಳಿದೆಯೆಂದು ಮಾರುವವರೇ ಬಾಯಿಬಿಟ್ಟು ಹೇಳಿದ ಮೇಲೆ ಹಿಂದಿನ ಬೆಲೆಯೇ ಹೇಗೆ ನಿಲ್ಲುತ್ತದೆ ಎಂಬುದು ಹಿರಿಯರ ನ್ಯಾಯ. ಕೆಡವುವ ಗೋಡೆಗೆ ಏನು ಬೆಲೆ ಎಂದು ನಾನು ವಾದಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ತಿಳಿದು ಯಾರೂ ಆಡದಿದ್ದಾಗ ಆ ಬಿರುಕಿಗೆ ಬೆಲೆಯೇ ಇರಲಿಲ್ಲ. ಆಡಿದ ಗಳಿಗೆಗೆ ಅದಕ್ಕೆ ಐವತ್ತು ಸಾವಿರ ಬಂತು. ಆ ಐವತ್ತನ್ನು ನನ್ನ ಪಾಲಿನಿಂದ ಕಳೆದುಕೊಳ್ಳಲು ಅಣ್ಣನಿಗೆ ಹೇಳಿದೆ. ಬೇಡವೆನ್ನುತ್ತಾನೆಂದುಕೊಂಡಿದ್ದೆ. ಅನ್ನಲಿಲ್ಲ, ಕಳೆದುಕೊಂಡ. ಸಂಕ್ರಾಂತಿಯವರೆಗೆ ನಮ್ಮಲ್ಲಿಗೆ ಬರಲಿಲ್ಲ.

ಎಲ್ಲರಿಗೂ ತಿಳಿದು ಯಾರೂ ಆಡದ ಸಂಗತಿಗಳು ಗಡಿಯಲ್ಲಿ ಬಾಳುವವರಿಗೆ ಹೊಸವಲ್ಲ. ಈ ವಾರ್ಷಿಕದ ಓದುಗರಲ್ಲಿ ಹೆಚ್ಚಿನವರು ಚಂದ್ರಗಿರಿಯ ಸುತ್ತಿನವರೆಂದು ತಿಳಿದು ಹೇಳುತ್ತೇನೆ: ನಿಮ್ಮ ಊರೂ ನಮ್ಮ ಊರೂ 1967ರಲ್ಲಿ ಒಂದೇ ವರದಿಯ ಪುಟಗಳಲ್ಲಿ ಕೂತಿದ್ದವು. ಚಂದ್ರಗಿರಿಯ ಉತ್ತರದ ಕಾಸರಗೋಡು, ಇತ್ತ ಅಕ್ಕಲಕೋಟ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ ಬರೆಯಿತು, ಯಾವುದೂ ಸೇರಲಿಲ್ಲ. ನಾವು ಸಂದಿಯಲ್ಲೇ ಉಳಿದೆವು. ಕೌಂಟರಿನಲ್ಲಿ ನಾನು ಮರಾಠಿಯಲ್ಲೇ ಮಾತು ತೆಗೆಯುತ್ತೇನೆ. ಎದುರಿನ ಮುದುಕಿ ದುಧನಿಯಿಂದಲೋ ಮೈಂದರ್ಗಿಯಿಂದಲೋ ಬಂದವಳು, ಅವಳೂ ಮರಾಠಿಯಲ್ಲೇ ಉತ್ತರಿಸುತ್ತಾಳೆ. ಎರಡು ಮಾತಿನಲ್ಲಿ ಅವಳು ಎಲ್ಲಿಯವಳೆಂದು ನನಗೆ, ನಾನು ಎಲ್ಲಿಯವನೆಂದು ಅವಳಿಗೆ ತಿಳಿಯುತ್ತದೆ. ಆದರೂ ಹೆಬ್ಬೆಟ್ಟು ಒತ್ತುವವರೆಗೆ ಮರಾಠಿಯೇ. ಹೊರಡುವಾಗ ಮಾತ್ರ "ಬರತೀನಪಾ" ಎನ್ನುತ್ತಾಳೆ.

ಇದು ಕಾರಣೆಯೋ, ಕಮಲವೋ? ನನ್ನ ಮಟ್ಟಿಗೆ ಕಾರಣೆ ಎಂದೇ ಹೇಳುತ್ತೇನೆ. ಇಬ್ಬರೂ ಮೋಸ ಹೋಗಿಲ್ಲ, ಕೆಲಸ ಸುಗಮವಾಗಿದೆ. ಆದರೆ ನಮ್ಮ ಮಗಳು ಸಣ್ಣವಳಿದ್ದಾಗ ಗೆಳತಿಯರು ಬಂದರೆ ಅಜ್ಜಿಯನ್ನು ಒಳಗೆ ಕಳಿಸುತ್ತಿದ್ದಳು, ಅವ್ವನಿಗೆ ಮರಾಠಿ ಸರಿಯಾಗಿ ಬರುವುದಿಲ್ಲವೆಂದು. ಅದು ಕಾರಣೆಯಲ್ಲ. ಅವ್ವನಿಗೆ ಅದು ತಿಳಿದಿತ್ತು. ತಾನಾಗಿಯೇ ಎದ್ದು ಹೋಗುವುದನ್ನು ಕಲಿತಿದ್ದಳು. ನಾನು ಅದನ್ನು ಕಂಡೂ ಆಡಲಿಲ್ಲ. ಆಡಿದ್ದರೆ ಅದಕ್ಕೂ ಒಂದು ಬೆಲೆ ಬರುತ್ತಿತ್ತೇನೋ.

ಸೊಲ್ಲಾಪುರ ಸಿದ್ಧರಾಮನ ಊರು. ಕೆರೆ ತೋಡಿಸುವುದು, ಗುಡಿ ಕಟ್ಟಿಸುವುದೇ ಶಿವನ ಸೇವೆ ಎಂದುಕೊಂಡಿದ್ದವನಿಗೆ ಅಲ್ಲಮ ಬಂದು ಒಡ್ಡರಾಮ ಎಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಹೊರಗಿನ ಕಲ್ಲುಮಣ್ಣನ್ನು ಎಷ್ಟೆಂದು ಒಪ್ಪಮಾಡುತ್ತೀ ಎಂಬುದು ಅಲ್ಲಮನ ಪ್ರಶ್ನೆಯ ತಿರುಳು. ಆ ಪ್ರಶ್ನೆಗೆ ಸಿದ್ಧರಾಮ ಮಣಿದ, ಕಲ್ಯಾಣಕ್ಕೆ ಹೋದ. ಆದರೆ ಕೆರೆಯನ್ನು ಯಾರೂ ಮುಚ್ಚಲಿಲ್ಲ; ಎಂಟು ಶತಮಾನಕ್ಕೂ ಮಿಕ್ಕಿ ನಿಂತಿದೆ, ನಡುವೆ ಸಿದ್ಧೇಶ್ವರನ ಗುಡಿ. ಅಲ್ಲಮನನ್ನು ಓದುವಾಗ ನಾನು ಅವನ ಪಕ್ಷ, ಸಂಜೆ ಕೆರೆಯ ದಂಡೆಗೆ ಹೋದಾಗ ಸಿದ್ಧರಾಮನ ಪಕ್ಷ. ಅದೇ ಊರಿನಲ್ಲಿ ವಾರದ ಮನೆತನದವರು ಕಟ್ಟಿಸಿದ ಇಂದ್ರಭುವನವೂ ಇದೆ, ಈಗ ಮಹಾನಗರ ಪಾಲಿಕೆಯ ಪಾಲಿಗೆ ಬಂದದ್ದು. ಮೈತುಂಬ ಅಲಂಕಾರ. ಅಷ್ಟೊಂದು ಬೇಕಿತ್ತೇ ಎಂದು ತೆರಿಗೆ ಕಟ್ಟಲು ಹೋದಾಗಲೆಲ್ಲ ಅನಿಸುತ್ತದೆ. ಸರತಿಯಲ್ಲಿ ನಿಂತು ಮತ್ತೆ ಅದನ್ನೇ ತಲೆಯೆತ್ತಿ ನೋಡುತ್ತೇನೆ.

ನಮ್ಮ ಗೋಡೆಯ ಮಾತು ಬಾಕಿಯಿದೆ. ಬಿರುಕು ಕಂಡ ದಿನವೇ ಮುಚ್ಚಿಬಿಡೋಣವೆಂದು ನಾನು ಅವಸರ ಮಾಡಿದೆ. ಗೌಂಡಿ ಒಪ್ಪಲಿಲ್ಲ. ಇದು ಸಂದಿಯ ಸೀಳಲ್ಲ, ಬುನಾದಿಯದು ಎಂದ. ನಮ್ಮ ಭಾಗದ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಅದರ ಮೇಲೆ ನಿಂತ ಮನೆಯೂ ಅದರೊಡನೆ ಏರಿಳಿಯುತ್ತದೆ. ಬಿರುಕು ಹಳೆಯದಾಗಿ ನಿಂತುಹೋದದ್ದೋ, ಇನ್ನೂ ನಡೆಯುತ್ತಿರುವುದೋ ತಿಳಿಯದೆ ಮುಚ್ಚಿದರೆ ಹಣ ನೀರಿಗೆ ಹಾಕಿದಂತೆ.

ತಿಳಿಯುವುದು ಹೇಗೆ? ಅವನು ಸ್ವಲ್ಪ ಪಿಒಪಿ ಕಲಸಿದ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಒಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪುಡಿಯಾಗುತ್ತದೆ, ಮತ್ತೆ ನೀರು ಬೆರೆಸಿದರೆ ನಿಮಿಷಗಳಲ್ಲಿ ಕಲ್ಲು. ಪ್ಯಾರಿಸ್ಸಿನ ಮೋಂಮಾರ್ತ್ರ ಗುಡ್ಡದ ಗಣಿಗಳಿಂದ ಅದಕ್ಕೆ ಆ ಹೆಸರು. ಬಿರುಕಿಗೆ ಅಡ್ಡಲಾಗಿ ಮೂರು ಕಡೆ ತೆಳ್ಳಗೆ ಅದರ ತೇಪೆ ಹಾಕಿ, ಪೆನ್ಸಿಲಿನಿಂದ ತಾರೀಖು ಬರೆದ. ಪಿಒಪಿ ಹಿಗ್ಗುವುದಿಲ್ಲ, ಬಗ್ಗುವುದಿಲ್ಲ. ಗೋಡೆ ಕೂದಲಷ್ಟು ಸರಿದರೂ ಒಡೆಯುತ್ತದೆ. "ಒಂದು ಮಳಿಗಾಲ, ಒಂದು ಬ್ಯಾಸಗಿ ನೋಡ್ರಿ. ಇವು ಸಾಕ್ಷಿ ಹೇಳತಾವ" ಎಂದ. ಒಂಬತ್ತು ವರ್ಷ ಬಿರುಕನ್ನು ಮುಚ್ಚಿದ್ದ ಅದೇ ಬಿಳಿಯ ಪುಡಿ ಈಗ ಅದರ ಮೇಲೆ ಸಾಕ್ಷಿಯಾಗಿ ಕೂತಿತು.

ಹದಿನಾಲ್ಕು ತಿಂಗಳು ಆ ಗೋಡೆ ಹಾಗೇ ಇತ್ತು. ಬಂದವರೆಲ್ಲ ನೋಡಿದರು. ಪಕ್ಕದ ಮನೆಯ ಮುದುಕಿ ಏನಾದರೂ ಹರಕೆಯೋ ಎಂದು ಕೇಳಿದಳು. ಮಗಳನ್ನು ನೋಡಲು ಬಂದವರ ಮುಂದೆ ನನ್ನ ಹೆಂಡತಿ ಆ ಗೋಡೆಗೆ ಬೆನ್ನು ಮಾಡಿ ಅತಿಥಿಗಳನ್ನು ಕೂರಿಸಿದಳು. ಹೀಗಾಗಿ ಒಳಗಿಂದ ಬಂದ ಮಗಳಿಗೆ ಇಡೀ ಹೊತ್ತು ಎದುರಿಗೆ ಕಂಡದ್ದು ಗಂಡಿನ ಮುಖ ಮತ್ತು ಅವನ ತಲೆಯ ಮೇಲೆ ಮೂರು ತೇಪೆಗಳು. ಆ ಸಂಬಂಧ ಕೂಡಿಬರಲಿಲ್ಲ, ಕಾರಣ ಗೋಡೆಯಲ್ಲ. ಆ ದಿನ ಅವ್ವ ಒಳಗೆ ಎದ್ದು ಹೋಗಲಿಲ್ಲ. ಮಗಳೇ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಯಾರು ಹೇಳಿಕೊಟ್ಟರೋ ನಾನು ಕೇಳಲಿಲ್ಲ.

2024ರ ಮೇ ತಿಂಗಳಲ್ಲಿ ನೋಡಿದಾಗ ಎರಡು ತೇಪೆಗಳು ಇಡಿಯಾಗಿದ್ದವು, ಮೇಲಿನದರಲ್ಲಿ ಮಾತ್ರ ಎಳೆಯಂಥ ಗೆರೆ. ಹೊರಗೆ ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡಿಸಿ, ಬಿರುಕನ್ನು ಕೆರೆದು ತುಂಬಿಸಿದೆವು. ಮೇಲಿನ ತೇಪೆಯನ್ನು ಹಾಗೇ ಬಿಡು ಎಂದೆ. ಅದರ ಮೇಲೆ ಹೆಂಡತಿ ಆರಿಸಿದ ಸಾಗುವಾನಿಯ ಚೌಕಟ್ಟು ಬಂತು. ಹಳೆಯ ಮನೆಯ ಮೂಲೆಗಳು ಕಾಟಕೋನದಲ್ಲಿ ಇರುವುದಿಲ್ಲ. ಪಟ್ಟಿಯ ತುದಿಗಳನ್ನು ನಲವತ್ತೈದು ಡಿಗ್ರಿಗೆ ಕೊಯ್ದರೂ ಕೂಡದೆ ಬಡಗಿ ಒಂದು ಇಡೀ ದಿನ ಉಜ್ಜಿದ. ಅಂಟು ಹಾಕಬೇಡ, ಸ್ಕ್ರೂ ಹಾಕು ಎಂದು ಹೇಳಿದ್ದೆ. ವರ್ಷಕ್ಕೊಮ್ಮೆ ಬಿಚ್ಚಿ ಒಳಗಿನ ತೇಪೆಯನ್ನು ನೋಡಬೇಕಲ್ಲ.

ನಾಲ್ಕು ಸ್ಕ್ರೂಗಳ ತಲೆ ಎದ್ದು ಕಾಣುತ್ತವೆ ಎಂಬುದು ಹೆಂಡತಿಯ ತಕರಾರು. ಮೂರಕ್ಕೆ ಮರದ ಬಣ್ಣ ಬಳಿದಿದ್ದಾಳೆ. ನಾಲ್ಕನೆಯದರ ಮೇಲೆ ನಮ್ಮ ಬ್ಯಾಂಕಿನ ಕ್ಯಾಲೆಂಡರ್ ತೂಗುತ್ತಿದೆ.